ಸೂಜಿಗಿಂತ ಸೀಸೆಯದೇ ತಲೆನೋವು

ಥಣಿಸಂದ್ರದ ಕಡೆ ನಮ್ಮ ಕ್ರಾಸಿನ ಮೂಲೆಯಲ್ಲಿ ಒಂದು ನಾಲ್ಕಂತಸ್ತಿನ ಕಟ್ಟಡ ಏಳುತ್ತಿದೆ. ಅದರ ಕಾವಲಿಗೆ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದಾರೆ. ಕೆಳಗೆ ಸಿಮೆಂಟ್ ಮೂಟೆಗಳ ಪಕ್ಕ ತಗಡಿನ ಶೆಡ್ಡು. ಅದರಲ್ಲಿ ಅವರ ಒಂಬತ್ತು ತಿಂಗಳ ಮಗು. ಒಂದು ಗುರುವಾರ ಮಧ್ಯಾಹ್ನ ಆಕೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದು ವಾಪಸ್ ಬರುತ್ತಿದ್ದರು.

"ಇಂಜೆಕ್ಷನ್ ಹಾಕಿಸಿದ್ರಾ?" ಅಂದೆ.

"ಎಲ್ಲೀದ್ರೀ ಅಕ್ಕಾ. ಸೂಜಿ ಮಾಡಲಿಲ್ರೀ. ಇವತ್ತ ಮಕ್ಕಳು ಭಾಳ ಬಂದಿಲ್ಲ, ಮುಂದಿನ ವಾರ ಬಾ ಅಂದ್ರು."

ಜನ ಜಾಸ್ತಿ ಇದ್ದರೆ ನಾಳೆ ಬಾ ಎನ್ನುವುದು ನಮಗೆಲ್ಲ ಗೊತ್ತು. ಜನ ಕಡಿಮೆ ಇದ್ದಾರೆ ಅಂತ ವಾಪಸ್ ಕಳಿಸುವುದು ಯಾಕೆ? ಇದಕ್ಕೆ ಉತ್ತರ ಇರುವುದು ಲಸಿಕೆ ಹೊತ್ತು ತರುವ ಐಸ್ ಡಬ್ಬಿಯೊಳಗೆ.

ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹಾಕಬೇಕಾದ ಮುಖ್ಯ ಲಸಿಕೆ ಎಂಆರ್. ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ್ದು. (ದಡಾರವನ್ನು ಉತ್ತರ ಕರ್ನಾಟಕದಲ್ಲಿ ಗೊಬ್ಬರ ಅನ್ನುತ್ತಾರೆ. ಇಲ್ಲಿನ ಹಳೇ ಮನೆಗಳಲ್ಲಿ ಅದನ್ನೂ 'ಅಮ್ಮ' ಅಂತಲೇ ಕರೆದು ಬೇವಿನ ಸೊಪ್ಪು ಕಟ್ಟುತ್ತಿದ್ದರು.) ಈ ಲಸಿಕೆ ಬರುವುದು ಒಣಪುಡಿಯಾಗಿ, ಪುಟ್ಟ ಗಾಜಿನ ಸೀಸೆಯಲ್ಲಿ. ಆಸ್ಪತ್ರೆಯವರು ಅದನ್ನು ವಯಲ್ ಅನ್ನುತ್ತಾರೆ. ಒಂದು ವಯಲ್‌ನಲ್ಲಿ ಐದು ಇಲ್ಲವೇ ಹತ್ತು ಮಕ್ಕಳಿಗೆ ಆಗುವಷ್ಟು ಮದ್ದು. ಜೊತೆಗೆ ಬರುವ ನೀರನ್ನು ಬೆರೆಸಿದ ಮೇಲೆ ಉಳಿಯುವುದು ನಾಲ್ಕೇ ಗಂಟೆ. ಅಷ್ಟರಲ್ಲಿ ಖಾಲಿಯಾಗದಿದ್ದರೆ ಮಿಕ್ಕಿದ್ದನ್ನು ಬಿಸಾಡಬೇಕು.

ಪೋಲಿಯೊ ಹನಿ, ಪೆಂಟಾವೇಲೆಂಟ್ ಸೀಸೆಗಳಿಗೆ ಈ ಗಡಿಬಿಡಿ ಇಲ್ಲ. ಸರಿಯಾಗಿ ತಂಪಿನಲ್ಲಿಟ್ಟರೆ ತೆರೆದ ಮೇಲೂ 28 ದಿನ ಬಳಸಬಹುದು. ಎಂಆರ್‌ನಲ್ಲಿ ಇರುವುದು ಜೀವಂತ ವೈರಸ್, ಶಕ್ತಿ ಕುಂದಿಸಿದ್ದು. ಕೆಡದಂತೆ ಕಾಯುವ ರಾಸಾಯನಿಕ ಹಾಕಿದರೆ ಆ ವೈರಸ್ಸೂ ಹಾಳಾಗುತ್ತದೆ. ಹಾಕದಿದ್ದರೆ ತೆರೆದ ಸೀಸೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ನಾಲ್ಕು ಗಂಟೆಯ ಕಟ್ಟುನಿಟ್ಟು ಬಂದಿದ್ದು ಹಾಗೆ.

ನಿಯಮವೇನೋ ಸ್ಪಷ್ಟವಾಗಿದೆ: ಒಂದೇ ಮಗು ಬಂದರೂ ವಯಲ್ ತೆರೆಯಬೇಕು. ಆದರೆ ಚೆಲ್ಲಿದ ಡೋಸಿನ ಲೆಕ್ಕ ಬರೆಯಬೇಕಾದವರೂ ಲಸಿಕೆ ಹಾಕುವ ಸಿಸ್ಟರೇ. ಇಬ್ಬರಿಗೆ ಹಾಕಿ ಎಂಟು ಚೆಲ್ಲುವುದಕ್ಕೆ ಯಾರಿಗಾದರೂ ಮನಸ್ಸು ಹಿಂಜರಿಯುತ್ತದೆ. ಇನ್ನೊಂದೆರಡು ಮಕ್ಕಳು ಬರಲಿ ಅಂತ ಕಾಯುತ್ತಾರೆ. ಬರದಿದ್ದರೆ ಮುಂದಿನ ವಾರ ಅನ್ನುತ್ತಾರೆ. ಇದು ನಮ್ಮ ಕ್ರಾಸಿನ ಕಥೆ ಮಾತ್ರ ಅಲ್ಲ. ಬಹಳ ದೇಶಗಳ ಲಸಿಕೆ ಕಾರ್ಯಕರ್ತರಲ್ಲಿ ಈ ಹಿಂಜರಿಕೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತ ಬಂದಿದೆ. ನನಗೆ ಸಿಸ್ಟರ್ ಮೇಲೆ ಸಿಟ್ಟಿಲ್ಲ. ಆದರೆ ದಿನಗೂಲಿ ಬಿಟ್ಟು ಬಂದ ತಾಯಿ ಮುಂದಿನ ವಾರವೂ ಕೂಲಿ ಬಿಡುತ್ತಾಳೆ ಅಂತ ನಂಬುವುದು ಕಷ್ಟ.

ಅದಕ್ಕೇ 'ಸೂಜಿಯಿಲ್ಲದ ದಡಾರ ಲಸಿಕೆ ಬರುತ್ತಿದೆ' ಎಂಬ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗುವುದು ಮಗುವಿನ ಅಳು ಅಲ್ಲ, ಈ ಸೀಸೆ.

ಅಳುವಿನ ವಿಷಯವನ್ನು ಮೊದಲು ಮುಗಿಸಿಬಿಡೋಣ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಒಂಬತ್ತನೇ ತಿಂಗಳಿಗೆ ಎಂಆರ್ ಒಂದೇ ಇಲ್ಲ. ನ್ಯುಮೋನಿಯಾ ತಡೆಯುವ ಪಿಸಿವಿಯ ಬೂಸ್ಟರ್ ಇದೆ. 2023ರಿಂದ ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸೂ ಅದೇ ದಿನಕ್ಕೆ ಸೇರಿದೆ. ಮಿದುಳು ಜ್ವರದ ಕಾಟ ಇರುವ ಜಿಲ್ಲೆಗಳಲ್ಲಿ ಜೆಇ ಲಸಿಕೆಯೂ ಉಂಟು. ಎಂಆರ್ ಸೂಜಿ ಒಂದನ್ನು ತೆಗೆದರೂ ಮಗು ಅವತ್ತು ಅತ್ತೇ ಅಳುತ್ತದೆ. ಖುಷಿಯಿಂದ ತೆಗೆದುಕೊಳ್ಳುವುದು ವಿಟಮಿನ್ ಎ ಸಿರಪ್ ಮಾತ್ರ, ಅದೂ ಎಲ್ಲ ಮಕ್ಕಳೂ ಅಲ್ಲ.

ಬೆಂಗಳೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ 'ಪೇನ್‌ಲೆಸ್ ಹಾಕಿಸ್ತೀರಾ, ಮಾಮೂಲಿನಾ?' ಅಂತ ಕೇಳುತ್ತಾರಲ್ಲ, ಅದಕ್ಕೂ ಸೂಜಿಯಿಲ್ಲದ ಲಸಿಕೆಗೂ ಸಂಬಂಧ ಇಲ್ಲ. ಪೇನ್‌ಲೆಸ್ ಅಂದರೆ ನಾಯಿಕೆಮ್ಮಿನ ಲಸಿಕೆಯ ಇನ್ನೊಂದು ಬಗೆ. ಜ್ವರ, ಊತ ಕಡಿಮೆ. ಸೂಜಿ ಅದೇ, ಚುಚ್ಚುವುದೂ ಅಷ್ಟೇ. ದುಡ್ಡು ಮಾತ್ರ ಜಾಸ್ತಿ.

ಹಾಗಾದರೆ ಪೋಲಿಯೊ ತರ ಬಾಯಿಗೆ ಎರಡು ಹನಿ ಹಾಕಿದರೆ ಆಗಲ್ವಾ? ಆಗಲ್ಲ. ಪೋಲಿಯೊ ವೈರಸ್ ಕರುಳಲ್ಲೇ ಬೆಳೆಯುವಂಥದ್ದು, ಹೊಟ್ಟೆಯ ಆಮ್ಲವನ್ನು ತಡೆದುಕೊಳ್ಳುತ್ತದೆ. ದಡಾರದ ವೈರಸ್ಸಿಗೆ ಮೇಲೊಂದು ಕೊಬ್ಬಿನ ಪೊರೆ ಇದೆ. ಆಮ್ಲ ತಾಗಿದರೆ ಅದರ ಕಥೆ ಮುಗಿದಂತೆ. ಅದು ಮೈಯೊಳಗೆ ಬರುವುದೇ ಉಸಿರಿನ ದಾರಿಯಲ್ಲಿ.

ಉಸಿರಿನ ದಾರಿಯಲ್ಲಿ ಬರುವ ವೈರಸ್ಸಿಗೆ ಉಸಿರಿನ ದಾರಿಯಲ್ಲೇ ಲಸಿಕೆ ಕೊಟ್ಟರೆ ಹೇಗೆ? ಇದು ತುಂಬಾ ಹಳೆಯ ಯೋಚನೆ. ಪೋಲಿಯೊ ಹನಿಗೆ ಹೆಸರಾದ ಆಲ್ಬರ್ಟ್ ಸೇಬಿನ್ 1980ರ ದಶಕದಲ್ಲಿ ಮೆಕ್ಸಿಕೊದ ವೈದ್ಯರ ಜೊತೆ ಸೇರಿ ಇದನ್ನು ಮಾಡಿ ನೋಡಿದರು. ಲಸಿಕೆಯನ್ನು ಮಂಜುಗಡ್ಡೆಯ ಚೂರಿನಲ್ಲಿಟ್ಟು, ಕಂಪ್ರೆಸರ್‌ನಿಂದ ಗಾಳಿ ಊದಿ, ಸಣ್ಣ ಹನಿಗಳ ಮಂಜು ಮಾಡಿ, ಮುಖಕ್ಕೆ ಮಾಸ್ಕ್ ಹಿಡಿಯುವುದು. ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ನಮ್ಮ ಧೂಳಿಗೆ ಎರಡು ಮನೆಗೊಂದು ನೆಬ್ಯುಲೈಜರ್ ಇದ್ದೇ ಇದೆ. ಮೆಕ್ಸಿಕೊದಲ್ಲಿ 1988ರಿಂದ 1990ರವರೆಗೆ ದಡಾರ ಎದ್ದಾಗ ಸುಮಾರು 40 ಲಕ್ಷ ಮಕ್ಕಳಿಗೆ ಹೀಗೆಯೇ ಲಸಿಕೆ ಕೊಟ್ಟರು. ಶಾಲೆ ಮಕ್ಕಳಿಗೆ ಎರಡನೇ ಡೋಸಾಗಿ ಇದು ಚೆನ್ನಾಗಿಯೇ ಕೆಲಸ ಮಾಡಿತು.

ಕೂಸುಗಳಿಗೂ ಆಗುತ್ತದಾ ಅನ್ನುವುದನ್ನು ಪರೀಕ್ಷೆ ಮಾಡಿದ್ದು ನಮ್ಮ ಪಕ್ಕದಲ್ಲೇ, ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆ. 9ರಿಂದ 12 ತಿಂಗಳೊಳಗಿನ 2004 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಮಾಸ್ಕ್, ಉಳಿದವರಿಗೆ ಸೂಜಿ. ಮೂರು ತಿಂಗಳಾದ ಮೇಲೆ ರಕ್ತ ತೆಗೆದು ನೋಡಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೂಜಿ ಹಾಕಿಸಿಕೊಂಡವರಲ್ಲಿ ಶೇ 94.7 ಮಕ್ಕಳಿಗೆ ರಕ್ಷಣೆ ಬಂದಿತ್ತು. ಮಾಸ್ಕಿನವರಲ್ಲಿ ಶೇ 85.4.

ಶೇ 85 ಅಂದರೆ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಅಲ್ವಾ, ಸಾಲದೇ? ದಡಾರದ ವಿಷಯದಲ್ಲಿ ಸಾಲದು. ಸಾವಿರ ಮಕ್ಕಳಿಗೆ ಲೆಕ್ಕ ಹಾಕಿ. ಸೂಜಿಯಲ್ಲಿ ರಕ್ಷಣೆ ಸಿಗದವರು 53 ಮಂದಿ. ಮಾಸ್ಕಿನಲ್ಲಿ 146. ಹತ್ತಿರ ಹತ್ತಿರ ಮೂರು ಪಟ್ಟು. ಲಸಿಕೆ ಇಲ್ಲದ ಜನರ ನಡುವೆ ದಡಾರ ಬಂದ ಒಬ್ಬರಿಂದ 12ರಿಂದ 18 ಮಂದಿಗೆ ಅದು ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿರಬಹುದು. ಇದನ್ನು ತಡೆಯಬೇಕಾದರೆ ನೂರಕ್ಕೆ 95 ಮಂದಿಯಲ್ಲಿ ರಕ್ಷಣೆ ಇರಬೇಕು. ಲಸಿಕೆಯೇ 85ಕ್ಕೆ ನಿಂತರೆ ಊರಿನ ಪ್ರತಿ ಮಗುವಿಗೂ ಮಾಸ್ಕ್ ಹಿಡಿದರೂ ಮೊದಲ ಡೋಸಿನಲ್ಲಿ ಆ ಸಂಖ್ಯೆಯ ಹತ್ತಿರ ಹೋಗುವುದಿಲ್ಲ.

ಆ ಪ್ರಯೋಗ ಸೋತದ್ದು ನನಗೆ ಬೇಸರದ ವಿಷಯವೇ. ಆದರೆ ಗೆದ್ದಿದ್ದರೂ ನಮ್ಮ ಕ್ರಾಸಿನ ಮಗುವಿಗೆ ಎಷ್ಟು ಪ್ರಯೋಜನ ಆಗುತ್ತಿತ್ತು? ಮಾಸ್ಕಿಗೂ ಅದೇ ಪುಡಿ, ಅದೇ ನೀರು, ಬೆರೆಸಿದ ಮೇಲೆ ಅದೇ ಅವಸರ. ಮೇಲೆ ಯಂತ್ರ ಬೇರೆ. ನೀರು ಬೆರೆಸದೆ ಒಣಪುಡಿಯನ್ನೇ ಉಸಿರಲ್ಲಿ ಎಳೆದುಕೊಳ್ಳುವ ಲಸಿಕೆಯನ್ನೂ ಪುಣೆಯಲ್ಲೇ 60 ಮಂದಿ ದೊಡ್ಡವರ ಮೇಲೆ ಪರೀಕ್ಷಿಸಿದರು. ತೊಂದರೆ ಏನೂ ಆಗಲಿಲ್ಲ. ಆದರೆ ಅದು ಕೂಸುಗಳವರೆಗೆ ಬಂದು ತಲುಪಲಿಲ್ಲ.

ಎರಡನೇ ದಾರಿ ಜೆಟ್. ಸೂಜಿಯ ಬದಲು ಮದ್ದನ್ನೇ ಕೂದಲೆಳೆಯಷ್ಟು ಸಣ್ಣ ಧಾರೆಯಾಗಿ ಭಾರೀ ಒತ್ತಡದಲ್ಲಿ ಚರ್ಮದೊಳಗೆ ನುಗ್ಗಿಸುವುದು. ಇದರ ಚರಿತ್ರೆಯಲ್ಲಿ ಒಂದು ಹೆಮ್ಮೆಯ ಪುಟ ಇದೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನಮ್ಮ ಕರ್ನಾಟಕದ ಒಂದು ದೊಡ್ಡ ಜಿಲ್ಲೆಯಷ್ಟಿರುವ ದೇಶ. 1967ರಲ್ಲಿ ಅಲ್ಲಿ ಸಿಡುಬು ಮತ್ತು ದಡಾರ ಎರಡಕ್ಕೂ ಸೇರಿಸಿ ಜೆಟ್ ಗನ್ನುಗಳಿಂದ ಲಸಿಕೆ ಹಾಕಿದರು. ದಡಾರ ಹರಡುವುದೇ ನಿಂತುಹೋದ ಜಗತ್ತಿನ ಮೊದಲ ದೇಶ ಅದು. ಆಮೇಲೆ ಪ್ರತಿ ವರ್ಷ ಹುಟ್ಟುವ ಮಕ್ಕಳಿಗೆ ಲಸಿಕೆ ಹಾಕುವ ಕೆಲಸ ಸಡಿಲವಾಯಿತು, ದಡಾರ ಮತ್ತೆ ಬಂತು.

ಜೆಟ್ ಗನ್ನಿನ ಮಾನ ಹೋಗಿದ್ದು ಬೇರೆ ಕಾರಣಕ್ಕೆ. ಒಂದೇ ಮೂತಿಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಒತ್ತುತ್ತ ಹೋಗುತ್ತಿದ್ದರು. ರಕ್ತದ ಕಣ ಹಿಂದಕ್ಕೆ ಚಿಮ್ಮಿ ಮೂತಿಗೆ ಅಂಟುತ್ತಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ತೂಕ ಇಳಿಸುವ ಕ್ಲಿನಿಕ್‌ನಲ್ಲಿ ಹೀಗೆ ಹೆಪಟೈಟಿಸ್ ಬಿ ಹರಡಿತು. ಆ ಬಗೆಯ ಗನ್ನುಗಳು ಮೂಲೆ ಸೇರಿದವು. ಈಗಿನವು ಒಬ್ಬರಿಗೆ ಒಂದೇ ಮೂತಿ, ಬಳಸಿ ಎಸೆಯುವಂಥವು. ಭಾರತದಲ್ಲಿ 2021ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕ ಜೈಡಸ್ ಕಂಪನಿಯ ಕೋವಿಡ್ ಲಸಿಕೆ ಜೈಕೋವ್-ಡಿ ಇಂಥ ಸಾಧನದಿಂದಲೇ ಹಾಕುವಂಥದ್ದು.

ಇಲ್ಲಿ ನಮ್ಮ ಊರಿನದೂ ಒಂದು ಪಾಲಿದೆ. ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್ಸಿಯಲ್ಲಿ ಆಘಾತ ತರಂಗಗಳ ಮೇಲೆ ಕೆಲಸ ಮಾಡುವ ಏರೋಸ್ಪೇಸ್ ತಂಡ ಇದೆ. ರಾಕೆಟ್, ಕ್ಷಿಪಣಿಗಳ ಲೋಕದವರು. ಅವರು ಜೀವವಿಜ್ಞಾನಿಗಳ ಜೊತೆ ಸೇರಿ, ಕೈಯಲ್ಲಿ ಹಿಡಿಯುವ ಸಾಧನದೊಳಗೆ ಒಂದು ಪುಟಾಣಿ ಸ್ಫೋಟ ಮಾಡಿಸಿ, ಅದರ ತರಂಗದ ಬಲದಿಂದ ಲಸಿಕೆಯನ್ನು ಚರ್ಮದೊಳಗೆ ತಳ್ಳಿ ತೋರಿಸಿದರು. ಇಲಿಗಳ ಮೇಲೆ, ಸಾಲ್ಮೊನೆಲ್ಲಾ ಲಸಿಕೆಯಿಂದ. 2011ರಲ್ಲಿ ಅದು ಪ್ರಕಟವಾಯಿತು. ಓದಿದಾಗ ರೋಮಾಂಚನ ಆಗುತ್ತದೆ ನಿಜ. ಆದರೆ ಜೆಟ್ ಆಗಲಿ, ತರಂಗ ಆಗಲಿ, ಒಳಗೆ ತಳ್ಳಬೇಕಾದ್ದು ಕಲಸಿದ ಮದ್ದನ್ನೇ. ಸೂಜಿ ಹೋಯಿತು, ಸೀಸೆ ಉಳಿಯಿತು.

ಸೀಸೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ವಾಪಸ್ ಹೋದ ತಾಯಂದಿರಿಗಿಂತ ಕೆಟ್ಟ ಉದಾಹರಣೆಗಳೂ ಇವೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಎಂಆರ್ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಆ ವಾರ ಪೂರ್ತಿ ಟಿವಿಯಲ್ಲಿ ಅದೇ ಸುದ್ದಿ. ಸಂಶಯ ಹೋಗಿದ್ದು ಲಸಿಕೆಯನ್ನು ಇಟ್ಟ, ಬಳಸಿದ ರೀತಿಯ ಮೇಲೆ. 2017ರಲ್ಲಿ ದಕ್ಷಿಣ ಸುಡಾನ್‌ನಲ್ಲಿ 15 ಮಕ್ಕಳು ಸತ್ತರು. ಅಲ್ಲಿ ಲಸಿಕೆ ಕಲಸಲು ನಾಲ್ಕು ದಿನ ಒಂದೇ ಸಿರಿಂಜ್ ಬಳಸಿದ್ದರು. ಲಸಿಕೆಯನ್ನು ತಂಪಿನಲ್ಲೂ ಇಟ್ಟಿರಲಿಲ್ಲ. ಲಸಿಕೆ ತಯಾರಾದಾಗ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಕಲಸುವ, ಕಾಯುವ ಹಂತದಲ್ಲಿ. ಇಂಥ ಒಂದು ಸುದ್ದಿ ಸಾಕು, ಸುತ್ತಲಿನ ಹತ್ತು ಹಳ್ಳಿಯ ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಾರೆ. 2017ರ ಫೆಬ್ರುವರಿಯಲ್ಲಿ ದೇಶದ ಎಂಆರ್ ಅಭಿಯಾನ ಶುರುವಾಗಿದ್ದೇ ಬೆಂಗಳೂರಿನಿಂದ. ಆಗ ಇಂಥದ್ದೇನೂ ನಡೆಯದೆಯೇ, ಬರೀ ವಾಟ್ಸಾಪ್ ಗಾಳಿಸುದ್ದಿಗೆ ಎಷ್ಟೋ ಮನೆಯವರು ಲಸಿಕೆ ಹಾಕುವ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ.

ಈಗ ಪ್ಯಾಚ್‌ಗೆ ಬರೋಣ. ನನ್ನ ಮಟ್ಟಿಗೆ ಸೀಸೆಯನ್ನೇ ಆಟದಿಂದ ಹೊರಗಿಡುವ ದಾರಿ ಇದೊಂದೇ.

ಗಾಯಕ್ಕೆ ಅಂಟಿಸುವ ಬ್ಯಾಂಡೇಜ್ ಪಟ್ಟಿಯನ್ನು ನೆನಪಿಸಿಕೊಳ್ಳಿ. ಅದರ ಒಳಮೈಯಲ್ಲಿ ನಾಣ್ಯದಗಲ ಜಾಗದಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮುಳ್ಳುಗಳು. ಮುಳ್ಳು ಅಂದೆ, ಆದರೆ ಅವು ನೀರಲ್ಲಿ ಕರಗುವ ವಸ್ತುವಿನಿಂದ ಮಾಡಿದ್ದು, ಒಣ ಲಸಿಕೆ ಅದರಲ್ಲೇ ಬೆರೆತಿದೆ. ಮಗುವಿನ ಮಣಿಕಟ್ಟಿನ ಮೇಲೆ ಒತ್ತಿ ಅಂಟಿಸಿದರೆ ಮುಳ್ಳುಗಳು ಚರ್ಮದ ಮೇಲ್ಪದರದೊಳಗೆ ಹೋಗಿ ಕರಗುತ್ತವೆ. ಐದು ನಿಮಿಷ ಬಿಟ್ಟು ತೆಗೆಯುವುದು. ನೀರು ಬೆರೆಸುವುದಿಲ್ಲ, ಸಿರಿಂಜ್ ಇಲ್ಲ, ಎಸೆಯುವಾಗ ಯಾರ ಕೈಗಾದರೂ ಚುಚ್ಚೀತು ಎಂಬ ಭಯ ಇಲ್ಲ. ಒಂದು ಪ್ಯಾಚ್, ಒಂದು ಮಗು. ಇನ್ನು ಚರ್ಮವೇನು ಬಡ ಜಾಗವಲ್ಲ. ಹೊರಗಿನಿಂದ ಬಂದದ್ದನ್ನು ಹಿಡಿದು ರೋಗನಿರೋಧಕ ವ್ಯವಸ್ಥೆಗೆ ತೋರಿಸುವ ಜೀವಕೋಶಗಳು ಮಾಂಸಖಂಡಕ್ಕಿಂತ ಅಲ್ಲಿ ದಟ್ಟವಾಗಿವೆ.

ಇದರ ಪ್ರಯೋಗ ನಡೆದದ್ದೂ ಅದೇ ಗ್ಯಾಂಬಿಯಾದಲ್ಲಿ. ಪ್ಯಾಚ್ ಮಾಡಿದ್ದು ಅಮೆರಿಕದ ಅಟ್ಲಾಂಟಾದ ಮೈಕ್ರಾನ್ ಬಯೋಮೆಡಿಕಲ್. ಅದರೊಳಗಿನ ಲಸಿಕೆ ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನದು. ಮೊದಲು 45 ಮಂದಿ ದೊಡ್ಡವರು, ಆಮೇಲೆ ಒಂದೂಕಾಲು ವರ್ಷ ದಾಟಿದ 120 ಮಕ್ಕಳು, ಕೊನೆಗೆ 9 ತಿಂಗಳ 120 ಕೂಸುಗಳು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಕೂಸುಗಳಲ್ಲಿ ಪ್ಯಾಚ್ ಅಂಟಿಸಿಕೊಂಡವರ ಪೈಕಿ ಶೇ 93 ಮಂದಿಗೆ ದಡಾರದ ರಕ್ಷಣೆ ಬಂತು, ಸೂಜಿಯವರಲ್ಲಿ ಶೇ 90. ರುಬೆಲ್ಲಾಗೆ ಎರಡೂ ಕಡೆ ನೂರಕ್ಕೆ ನೂರು. ಅಂಟಿಸಿದ ಜಾಗ ಕೆಲವು ದಿನ ಗಟ್ಟಿಯಾಗಿತ್ತು, ಕೆಲವರಲ್ಲಿ ಕಲೆಯೂ ಕಂಡಿತು. ಗಾಬರಿಪಡುವಂಥದ್ದು ಏನೂ ಕಾಣಲಿಲ್ಲ.

93 ದೊಡ್ಡದು, 90 ಚಿಕ್ಕದು, ಹಾಗಾಗಿ ಪ್ಯಾಚೇ ಮೇಲು ಅಂತ ಓಡಬೇಡಿ. ಈ ಶೇಕಡಾ ಲೆಕ್ಕ ಬಂದದ್ದು ಒಂದೊಂದು ಗುಂಪಿನ 60ಕ್ಕೂ ಕಡಿಮೆ ಕೂಸುಗಳಿಂದ. ಪುಣೆಯಲ್ಲಿ ಎರಡು ಸಾವಿರ ಮಕ್ಕಳು ಇದ್ದರು ಅನ್ನುವುದನ್ನು ಮರೆಯಬಾರದು. ಎರಡೂ ಒಂದೇ ಮಟ್ಟದಲ್ಲಿವೆ ಅನ್ನಬಹುದು ಅಷ್ಟೇ. ದೊಡ್ಡ ಪ್ರಯೋಗದಲ್ಲಿ ಇದೇ ಬಂದರೆ ಮಾತ್ರ ನಂಬಿಕೆ ಗಟ್ಟಿಯಾಗುತ್ತದೆ. ಮಾಸ್ಕಿನ ಕಥೆ ನೋಡಿದವರಿಗೆ ಈ ಎಚ್ಚರ ಬೇಕು.

ತೊಡಕುಗಳೂ ಕಣ್ಣಿಗೆ ಕಾಣುವಂತಿವೆ. ಹತ್ತು ಡೋಸಿನ ಒಂದು ವಯಲ್ ಹೆಬ್ಬೆರಳಿನಷ್ಟು ಜಾಗ ತಿನ್ನುತ್ತದೆ. ಹತ್ತು ಪ್ಯಾಚ್‌ಗಳ ಹತ್ತು ಪೊಟ್ಟಣ ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಫ್ರಿಜ್ಜು ಈಗಲೇ ತುಂಬಿರುತ್ತದೆ. ಒಣ ಲಸಿಕೆ ಕಲಸಿದ ಲಸಿಕೆಗಿಂತ ಬಿಸಿಲು ತಡೆಯುತ್ತದೆ ನಿಜ, ಹಾಗಂತ ಫ್ರಿಜ್ಜನ್ನೇ ಬಿಡುವಂತಿಲ್ಲ. ದರವೂ ಹೆಚ್ಚೇ ಆಗುತ್ತದೆ. ಇನ್ನು ಐದು ನಿಮಿಷದ ಮಾತು. ಒಂಬತ್ತು ತಿಂಗಳ ಮಗು ಕೈಗೆ ಅಂಟಿದ್ದನ್ನು ಐದು ನಿಮಿಷ ಸುಮ್ನೆ ಬಿಡುತ್ತದಾ? ಮಗುವನ್ನು ಸಾಕಿದವರು ನಗುತ್ತಾರೆ. ಯಾರಾದರೂ ಕೈ ಹಿಡಿದುಕೊಂಡೇ ಇರಬೇಕು.

ಯಾವ ದೇಶದ ದಿನನಿತ್ಯದ ಲಸಿಕೆ ಪಟ್ಟಿಯಲ್ಲೂ ಈ ಪ್ಯಾಚ್ ಇನ್ನೂ ಸೇರಿಲ್ಲ. ಬಡ ದೇಶಗಳಿಗೆ ಲಸಿಕೆ ಒದಗಿಸುವ ಒಕ್ಕೂಟ 'ಗವಿ', ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮುಂತಾದವು ಸೇರಿ 2020ರಲ್ಲಿ ಹೊಸ ಲಸಿಕೆ ವಿಧಾನಗಳ ಪೈಕಿ ಇದಕ್ಕೇ ಮೊದಲ ಆದ್ಯತೆ ಕೊಟ್ಟವು. ಆದರೆ ದಡಾರದ ಲಸಿಕೆ ತೀರಾ ಅಗ್ಗ, ಕೊಳ್ಳುವವರು ಹೆಚ್ಚಾಗಿ ಬಡ ದೇಶಗಳು. ಲಾಭ ಕಡಿಮೆ ಇರುವ ಕಡೆ ಕಾರ್ಖಾನೆ ಕಟ್ಟಲು ಯಾರೂ ಓಡೋಡಿ ಬರುವುದಿಲ್ಲ. ವಿಜ್ಞಾನಕ್ಕಿಂತ ಇದೇ ತಡ ಮಾಡಿಸುತ್ತದೆ ಅಂತ ನನ್ನ ಅನುಮಾನ. 2023ರಲ್ಲಿ ದಡಾರದಿಂದ ಜಗತ್ತಿನಲ್ಲಿ ಸತ್ತವರು ಅಂದಾಜು 1,07,500 ಮಂದಿ, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಇಷ್ಟೂ ಸಾವು 1963ರಿಂದ ಲಸಿಕೆ ಇರುವ ಕಾಯಿಲೆಗೆ.

ಭಾರತ 2026ರೊಳಗೆ ದಡಾರ, ರುಬೆಲ್ಲಾ ಎರಡನ್ನೂ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ಅಷ್ಟರೊಳಗೆ ಪ್ಯಾಚ್ ಬರುವುದಿಲ್ಲ, ಆ ಕೆಲಸ ಸೂಜಿಯಿಂದಲೇ ಆಗಬೇಕು. ಹಾಗಾಗಿ ಈಗ ಮಾಡಬಹುದಾದ್ದು ಸಣ್ಣದು. ಚೆಲ್ಲಿದ ಡೋಸಿಗೆ ಸಿಸ್ಟರ್ ಹೆದರದಂತೆ ಮಾಡುವುದು. ಚಿಕ್ಕ ವಯಲ್ ಹೆಚ್ಚು ಕಳಿಸುವುದು. ಐದು ಡೋಸಿನದು ತುಸು ದುಬಾರಿ, ಆದರೆ ತೆರೆಯಲು ಕೈ ನಡುಗುವುದಿಲ್ಲ. ಪ್ಯಾಚ್ ಬಂದ ದಿನ ಬದಲಾಗುವುದು ಬೇರೆಯೇ: ಆಶಾ ಕಾರ್ಯಕರ್ತೆ ನಾಲ್ಕು ಪ್ಯಾಚ್ ಚೀಲಕ್ಕೆ ಹಾಕಿಕೊಂಡು ಸಂಜೆ ಕೂಲಿ ಮುಗಿದ ಹೊತ್ತಿಗೆ ಶೆಡ್ಡಿನ ಬಾಗಿಲಿಗೇ ಹೋಗಬಹುದು. ಅದಕ್ಕೆ ಅವರಿಗೆ ಅನುಮತಿ ಕೊಡುತ್ತಾರಾ, ಗೌರವಧನ ಎಷ್ಟು ಕೊಡುತ್ತಾರೆ ಅನ್ನುವ ಜಗಳ ಆಗ ಶುರುವಾಗುತ್ತದೆ. ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರ ಧರಣಿ ನೋಡಿದವರಿಗೆ ಅದು ಗೊತ್ತೇ ಇದೆ.

ನಮ್ಮ ಕ್ರಾಸಿನ ಮಗುವಿಗೆ ಮುಂದಿನ ಗುರುವಾರ ಲಸಿಕೆ ಆಗಲಿಲ್ಲ. ಅವತ್ತು ಮೋಲ್ಡ್ ಹಾಕುವ ದಿನ, ಆಕೆಗೂ ಕೆಲಸ ಇತ್ತು. ಅದರ ಮುಂದಿನ ವಾರ ಜಾತ್ರೆಗೆ ಊರಿಗೆ ಹೋದರು. ವಾಪಸ್ ಬಂದಾಗ ತಾಯಿ ಕಾರ್ಡ್ ತೆಗೆದು ತೋರಿಸಿದರು. ಊರಿನ ಅಂಗನವಾಡಿಯಲ್ಲಿ ಹಾಕಿಸಿದ್ದರು, ನೀಲಿ ಇಂಕಿನಲ್ಲಿ ತಾರೀಕು ಇತ್ತು. "ಎರಡ್ ದಿನಾ ಜ್ವರ ಬಂದಿತ್ರೀ ಅಕ್ಕಾ, ಈಗ ಆರಾಮ್ ಅದ." ಎರಡನೇ ಡೋಸ್ ಹದಿನಾರನೇ ತಿಂಗಳಿಗೆ. ಅಷ್ಟೊತ್ತಿಗೆ ಇಲ್ಲಿ ಟೈಲ್ಸ್ ಕೆಲಸವೂ ಮುಗಿದು ಮನೆಯವರು ಗೃಹಪ್ರವೇಶ ಮಾಡಿರುತ್ತಾರೆ. ಇವರ ಶೆಡ್ಡು ಇನ್ಯಾವ ಬಡಾವಣೆಗೆ ಹೋಗಿರುತ್ತದೋ, ಆ ಬಡಾವಣೆಯ ಸಿಸ್ಟರ್ ಪಟ್ಟಿಯಲ್ಲಿ ಈ ಮಗುವಿನ ಹೆಸರು ಇರುತ್ತದೋ ಇಲ್ಲವೋ.